ಬೇಕೋ, ಬೇಡವೋ

ರೂಟರಿನ ದೀಪಗಳೆಲ್ಲ ಆರಿ, ಒಂದೇ ಒಂದು ಮಿಟುಕುತ್ತ ಉಳಿದಾಗ ಅವಳು ಎದ್ದು ಹತ್ತಿರ ಬಗ್ಗಿ ನೋಡಿದಳು. ಕಂಪನಿ ತುಂಬಿಕೊಟ್ಟಿದ್ದ ತಂತ್ರಾಂಶವನ್ನು ಅಳಿಸಿ, ತಾನೇ ಕೋಡ್ ಕಂಪೈಲ್ ಮಾಡಿ ತಯಾರಿಸಿದ್ದನ್ನು ಅದರ ಹೊಟ್ಟೆಗೆ ಸೇರಿಸಿಯಾಗಿತ್ತು. ಈ ಗಳಿಗೆಯಲ್ಲಿ ಎಡವಟ್ಟಾದರೆ ರೂಟರ್ ಇಟ್ಟಿಗೆಗೆ ಸಮ ಎಂದು ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಬರೆದಿದ್ದ. ವೈದ್ಯರು ಮಾತಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡಿಕೊಡುವುದು ಅವಳ ಕೆಲಸ. ಇವತ್ತಿನ ಫೈಲು ಸಂಜೆಯೊಳಗೆ ಆಸ್ಪತ್ರೆ ಸೇರಬೇಕು, ಇಲ್ಲದಿದ್ದರೆ ಕೆಲಸ ಇನ್ನೊಬ್ಬರ ಪಾಲು.

"ಏನೇ, ಸತ್ತುಹೋಯ್ತಾ?" ಎಂದರು ಅತ್ತೆ, ಸೋಫಾದಿಂದ. ಅವರ ಫೋನಿನಲ್ಲಿ ವಿಡಿಯೋ ಕರೆಯಲ್ಲಿದ್ದ ತಂಗಿ ಬಾಯಿ ತೆರೆದಂತೆಯೇ ನಿಂತುಬಿಟ್ಟಿದ್ದರು. "ಸಾಯ್ಲಿ ಬಿಡು. ನನ್ನ ತಂಗಿ ಸುಮ್ಮನಿದ್ದದ್ದನ್ನ ನಾನು ನೋಡಿದ್ದೇ ಇವತ್ತು."

ಇಷ್ಟಕ್ಕೆಲ್ಲ ಕಾರಣ ಒಂದು ಗುಂಡಿ. ಗಂಡನ ಫೋನಿನಲ್ಲಿ ರೂಟರ್ ಕಂಪನಿಯ ಆ್ಯಪ್ ಇತ್ತು. ಅದರಲ್ಲಿ ಮನೆಯವರ ಹೆಸರು, ಹೆಸರಿನ ಪಕ್ಕ 'ನಿಲ್ಲಿಸು' ಎಂಬ ಕೆಂಪು ಗುಂಡಿ. ಅವನಿಗೆ ಹಸಿವಾದರೆ ಅವಳ ನೆಟ್ ನಿಲ್ಲುತ್ತಿತ್ತು. ಕೂಗಿ ಕರೆಯುವ ಶ್ರಮವೂ ಉಳಿಯಿತು ನೋಡಿ ಎಂದು ಗೆಳೆಯರ ಮುಂದೆ ಹೇಳಿಕೊಂಡು ನಗುತ್ತಿದ್ದ. ಹೋದ ವಾರ ಫೈಲು ಅರ್ಧ ಹೋಗಿರುವಾಗ ಒತ್ತಿದ. ಇನ್ನೊಮ್ಮೆ ಹೀಗಾದರೆ ನೀವು ಬೇಡ ಎಂದು ಆಸ್ಪತ್ರೆಯವರು ಹೇಳಿಬಿಟ್ಟರು. ಅದನ್ನು ಅವನಿಗೆ ಹೇಳಿದಳು. ಸರಿ ಸರಿ ಎಂದ. ಮಾರನೆಯ ದಿನ ತಮಾಷೆಗೆಂದು ಮತ್ತೆ ಒತ್ತಿದ. ಕೆಟ್ಟವನೇನಲ್ಲ. ಕೈಗೊಂದು ಗುಂಡಿ ಕೊಟ್ಟರೆ ಒತ್ತದೆ ಇರುವ ಗಂಡಸನ್ನು ಅವಳು ಇನ್ನೂ ನೋಡಬೇಕಿತ್ತು, ಅಷ್ಟೆ.

ಹಾಗೆ ಶುರುವಾಗಿತ್ತು ಮಧ್ಯಾಹ್ನಗಳ ಈ ಹುಚ್ಚು. ಯಾರು ಬೇಕಾದರೂ ತಿದ್ದಿಕೊಳ್ಳಲಿ ಎಂದು ಪರೋಪಕಾರಿಗಳು ತೆರೆದಿಟ್ಟ ರೂಟರ್ ತಂತ್ರಾಂಶದ ಮೂಲ ಕೋಡನ್ನು ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ನೀಲಿ ಪರದೆ, ಮುಗಿಯದ ಪಟ್ಟಿ. ಸಾಲುಸಾಲಿಗೂ ಅದು ಕೇಳುತ್ತಿತ್ತು: ಇದು ಬೇಕೋ, ಬೇಡವೋ? ಅವಳಿಗೆ ನಾಚಿಕೆಯೇ ಆಯಿತು. ಕಿಟಕಿ ಪರದೆಯ ಬಣ್ಣಕ್ಕಾಗಲಿ, ಎರಡನೆಯ ಮಗುವಿಗಾಗಲಿ ಯಾರೂ ಇಷ್ಟು ವಿನಯದಿಂದ ಅವಳನ್ನು ಕೇಳಿರಲಿಲ್ಲ. ಮೊದಲ ಸಲ ಅಭ್ಯಾಸಬಲದಿಂದ ಎಲ್ಲಕ್ಕೂ ಬೇಕು ಎಂದಳು. ಲ್ಯಾಪ್‌ಟಾಪು ಮಧ್ಯಾಹ್ನವೆಲ್ಲ ಏದುಸಿರು ಬಿಟ್ಟು, ಕೊನೆಗೆ ಇಷ್ಟೆಲ್ಲ ಆ ಪುಟ್ಟ ರೂಟರಿಗೆ ಹಿಡಿಸುವುದಿಲ್ಲ ಎಂದು ಕೈಚೆಲ್ಲಿತು. ಆಮೇಲೆ ಬೇಡ ಎನ್ನುವುದನ್ನು ಕಲಿತಳು. ಪ್ರಿಂಟರ್ ಬೇಡ. ಹೊರಗಿನಿಂದ ಇಣುಕುವ ಕಿಂಡಿ ಬೇಡ. ಒಬ್ಬೊಬ್ಬರ ನೆಟ್ಟನ್ನು ಬೇಕಾದಾಗ ಕತ್ತರಿಸುವ ಸೌಲಭ್ಯ ಎಂಬ ಸಾಲು ಬಂದಾಗ ಬೆರಳು ತುಸು ನಿಂತಿತು. ಬೇಡ. ಬೇಡ ಎನ್ನುವ ಕೀಲಿ ಒತ್ತಿದ ಸದ್ದು ಕಿವಿಗೆ ಹಿತವಾಗಿತ್ತು.

ಈಗ ದೀಪ ಮಿಟುಕುವುದು ನಿಂತು ಸ್ಥಿರವಾಯಿತು. ಅವಳು ಫೋನ್ ತೆಗೆದಳು. ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ ಸಾಲಾಗಿ ಕಂಡವು, ತಮ್ಮದೊಂದೇ ಇಲ್ಲ. ಬೆವರೊರೆಸಿಕೊಂಡು, ಲ್ಯಾಪ್‌ಟಾಪಿಗೆ ಇಳಿಸಿಟ್ಟಿದ್ದ ಸೂಚನೆಗಳನ್ನು ಮತ್ತೆ ಓದಿದಳು. ಹೊಸದಾಗಿ ತುಂಬಿದಾಗ ವೈಫೈ ಆಫ್ ಆಗಿಯೇ ಇರುತ್ತದೆ, ಕೇಬಲ್ ಚುಚ್ಚಿ ಒಳಹೊಕ್ಕು ಆನ್ ಮಾಡಿ, ಕೇಬಲ್ ಕೈಗೆಟುಕುವಂತೆ ಇಟ್ಟುಕೊಳ್ಳಿ ಎಂದು ಮೊದಲ ಸಾಲಿನಲ್ಲೇ ಇತ್ತು. ಅಡುಗೆ ಪುಸ್ತಕದ ಮೊದಲ ಸಾಲನ್ನೂ ಅವಳು ಯಾವತ್ತೂ ಓದಿದವಳಲ್ಲ.

"ಅತ್ತೆ, ರೂಟರ್ ಜೊತೆ ಬಂದಿದ್ದ ಹಳದಿ ವೈರ್ ಎಲ್ಲಿ?"

ಅತ್ತೆ ಬಾಲ್ಕನಿಯ ಕಡೆ ನೋಡಿದರು. "ಬಟ್ಟೆ ಹಗ್ಗ ತುಂಡಾಗಿತ್ತಲ್ಲ, ನೀನೇ ಕೊಟ್ಟೆ. ಯಾವ ಕೆಲಸಕ್ಕೂ ಬರಲ್ಲ ಇದು ಅಂತ."

ಬಾಲ್ಕನಿಯಲ್ಲಿ ಗಂಡನ ಒದ್ದೆ ಅಂಗಿಗಳು, ಪ್ಯಾಂಟುಗಳು ಹಳದಿ ಕೇಬಲನ್ನು ನೆಲ ಮುಟ್ಟುವಷ್ಟು ಜಗ್ಗಿಕೊಂಡು ತೂಗುತ್ತಿದ್ದವು. ಇಬ್ಬರೂ ಸೇರಿ ಅವನ್ನೆಲ್ಲ ಕುರ್ಚಿಯ ಮೇಲೆ ಗುಡ್ಡೆ ಹಾಕಿದರು. ಅತ್ತೆ ಕಟ್ಟಿದ ಗಂಟು ಹಲ್ಲಿಗೂ ಜಗ್ಗಲಿಲ್ಲ. ಹೊಲಿಗೆ ಸೂಜಿ ಹಾಕಿ ಎಬ್ಬಿಸಬೇಕಾಯಿತು. ಒಂದು ತುದಿ ರೂಟರಿಗೆ, ಇನ್ನೊಂದು ಲ್ಯಾಪ್‌ಟಾಪಿಗೆ. ಒಳಹೊಕ್ಕಳು. ವೈಫೈಗೆ ಜೀವ ಬಂತು. ಅತ್ತೆಯ ತಂಗಿ ಮತ್ತೆ ಕರೆ ಮಾಡಿ, ಬಿಟ್ಟ ಮಾತಿನಿಂದಲೇ ಶುರು ಮಾಡಿದರು. ಫೈಲು ಸದ್ದಿಲ್ಲದೆ ಆಸ್ಪತ್ರೆ ಸೇರಿತು.

ಗಂಡ ಬಂದ, ಬಟ್ಟೆ ಬದಲಿಸಿದ, ಊಟದ ಮೇಜಿಗೆ ಕೂತು ಫೋನ್ ತೆಗೆದ. ಆ್ಯಪಿನಲ್ಲಿ ಗುಂಡಿಯಿದ್ದ ಜಾಗವನ್ನು ಒತ್ತಿದ. ಮತ್ತೆ ಒತ್ತಿದ. ಆಮೇಲೆ ಫೋನನ್ನು ಜೋರಾಗಿ ಕುಲುಕಿಯೂ ನೋಡಿದ.

"ಇದರಲ್ಲಿದ್ದ ಗುಂಡಿ ಎಲ್ಲಿ ಹೋಯ್ತೇ?"

"ಬೇಕಾ ಬೇಡ್ವಾ ಅಂತ ಕೇಳ್ತು ರೀ. ಬೇಡ ಅಂದೆ."

"ನನ್ನನ್ನೊಂದು ಮಾತು ಕೇಳಬಾರದಿತ್ತಾ?"

"ಅದು ನನ್ನನ್ನ ಕೇಳ್ತು."

ಅವನು ಫೋನು ನೋಡಿದ, ರೂಟರ್ ನೋಡಿದ, ಕುರ್ಚಿಯ ಮೇಲಿದ್ದ ತನ್ನ ಒದ್ದೆ ಪ್ಯಾಂಟುಗಳನ್ನು ನೋಡಿದ. ಕೊನೆಗೆ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟು, "ಹಸಿವಾಗ್ತಿದೆ" ಎಂದ. ತಟ್ಟೆ ಅಡುಗೆಮನೆಯಲ್ಲೇ ಇದೆ ಎಂದಳು. ಎದ್ದು ಹೋಗಿ ತಂದುಕೊಂಡ.

ಅತ್ತೆ ಅವಳ ಹಿಂದೆಯೇ ಅಡುಗೆಮನೆಗೆ ಬಂದು ದನಿ ತಗ್ಗಿಸಿದರು. "ಇವನಿಗೂ ಹೀಗೆ ಒಳಗಿಂದೆಲ್ಲ ಅಳಿಸಿ ಹೊಸದು ಹಾಕಕ್ಕಾಗಲ್ವೇನೇ?"

"ಅದಕ್ಕೆ ಮೂಲ ಕೋಡ್ ಬೇಕು ಅತ್ತೆ. ತಯಾರು ಮಾಡಿದವರು ನೀವು, ನಿಮ್ಮ ಹತ್ರ ಇರಬೇಕಲ್ಲ."

ನಗುತ್ತಾರೆಂದುಕೊಂಡಿದ್ದಳು. ಅತ್ತೆ ಮೇಜಿನ ಕಡೆ, ಮಗನ ಬೆನ್ನಿನ ಕಡೆ ನೋಡಿದರು.

"ಒಳಗಿರೋದೆಲ್ಲ ಅವರಪ್ಪಂದು ಕಣೇ. ಬೇಕೋ ಬೇಡವೋ ಅಂತ ನನ್ನ ಯಾರು ಕೇಳಿದ್ರು? ನಾನು ಬರೀ ಡಬ್ಬಿ."