ಏಳು ಜೊತೆ ಕೈಗವಸು

ಪರದೆ ಸರಿದದ್ದೇ ತಡ, ಶಾಲೆಟ್‌ ಕತ್ತೆತ್ತಿ ನೋಡಿದಳು.

ಗೋಡೆಯಗಲದ ಚಿತ್ರ. ಮೀನುಹುಡಿ ಕಾರ್ಖಾನೆಯ ಏಳು ಮಂದಿ ಕೆಲಸದವರು ಸಾಲಾಗಿ ನಿಂತಿದ್ದಾರೆ. ಹದಿನಾಲ್ಕು ಕೈಗಳಿಗೂ ಹೊಳೆಯುವ ಹಳದಿ ಕೈಗವಸು, ಕಾಲಿಗೆ ಗಂಬೂಟು. ಅಷ್ಟು ಕಂಡದ್ದೇ ಅವಳು ಮುಖ ತಿರುಗಿಸಿದಳು. ಇದೇ ಕಾರ್ಖಾನೆಯಲ್ಲಿ ಅವಳ ಗಂಡ ಅಲ್ರಾಯ್ ಆರು ವರ್ಷ ಬರಿಗೈಯಲ್ಲಿ ಕೊಳೆತ ಬೂತಾಯಿ ಮೀನು ಬಾಚಿ ಯಂತ್ರದ ಬಾಯಿಗೆ ಹಾಕಿದ್ದ. ಕಳೆದ ವರ್ಷ ಏಪ್ರಿಲಿನಲ್ಲಿ ಆ ಬಾಯಿ ಅವನ ಬಲಗೈಯ ಐದೂ ಬೆರಳುಗಳನ್ನು ನುಂಗಿತು.

ಕಾರ್ಖಾನೆಯ ಧನಿ ಜಯಪಾಲ ಆಗ ಹೇಳಿದ್ದು ಒಂದೇ ಮಾತು. ಅಲ್ರಾಯ್ ಎಂಬವನು ಯಾರೆಂದೇ ತನಗೆ ಗೊತ್ತಿಲ್ಲ, ಹಾಜರಿ ಪುಸ್ತಕದಲ್ಲಿ ಅಂಥ ಹೆಸರೇ ಇಲ್ಲ. ಹೇಗೆ ಇದ್ದೀತು? ಅರ್ಧಕ್ಕರ್ಧ ಮಂದಿಯ ಹೆಸರು ಅದರಲ್ಲಿ ಇರಲಿಲ್ಲ. ತನಿಖೆಯವರು ಬಂದ ದಿನ ಅವರನ್ನೆಲ್ಲ ಹಿಂದಿನ ಗೋಡೆಯಾಚೆ ತೆಂಗಿನ ಬುಡದಲ್ಲಿ ಕೂರಿಸುವುದು ಅಲ್ಲಿಯ ಪದ್ಧತಿ. ಗೊತ್ತಿಲ್ಲ ಎಂದದ್ದು ಮಾತ್ರ ಪೂರ್ತಿ ಸುಳ್ಳಿರಲಾರದು. ಕೆಲಸದವರ ಮುಖ ನೋಡಿ ಮಾತಾಡಿದ ಮನುಷ್ಯನೇ ಅಲ್ಲ ಅವನು. ಮೂಗಿಗೆ ಕರವಸ್ತ್ರ ಹಿಡಿದು ಬರುತ್ತಿದ್ದ, ಹಾಗೆಯೇ ಹೋಗುತ್ತಿದ್ದ.

ಬರುವ ಮಂಗಳವಾರ ಲೇಬರ್ ಆಫೀಸಿನಲ್ಲಿ ಕೊನೆಯ ವಿಚಾರಣೆ. ಅಲ್ರಾಯ್ ಇಲ್ಲಿ ಕೆಲಸಕ್ಕಿದ್ದ ಎನ್ನುವುದಕ್ಕೆ ಒಂದು ಚೂರು ಕಾಗದ ಬೇಕು. ಅದಿಲ್ಲದಿದ್ದರೆ ಬೆರಳು ಹೋದದ್ದೂ ಹೋಯಿತು, ಆರು ವರ್ಷ ದುಡಿದದ್ದೂ ಸುಳ್ಳಾಯಿತು. ಜೊತೆಗೆ ದುಡಿದವರು ಯಾರೂ ಸಾಕ್ಷಿ ಹೇಳಲು ತಯಾರಿಲ್ಲ. ಅವರಿಗೂ ಹೊಟ್ಟೆ ಇದೆ, ಅವಳು ಅವರನ್ನು ದೂರಲಿಲ್ಲ.

ಕೊನೆಗೆ ಚಿತ್ರಕಾರ ಹರಿನಾರಾಯಣರ ಮನೆ ಬಾಗಿಲಿಗೆ ಹೋಗಿದ್ದಳು. ಮೂವತ್ತು ವರ್ಷದಿಂದ ದುಡಿಯುವವರನ್ನೇ ಬರೆದವರು. ವರ್ಕಾಡಿಯ ಜಗಲಿಗಳಲ್ಲಿ ಬೀಡಿ ಕಟ್ಟಿ ಬೆನ್ನು ಬಾಗಿದ ಹೆಂಗಸರು, ಹಂಚಿನ ಕಾರ್ಖಾನೆಯ ಕೆಂಪು ಧೂಳು ತಿಂದ ಗಂಡಸರು ಅವರ ಕ್ಯಾನ್ವಾಸಿನಲ್ಲಿ ಇದ್ದ ಹಾಗೆಯೇ ಇರುತ್ತಿದ್ದರು. ಅವಘಡಕ್ಕೆ ಎರಡು ತಿಂಗಳ ಮೊದಲು ಈ ಕಾರ್ಖಾನೆಯಲ್ಲೂ ಹತ್ತು ದಿನ ಕೂತು ಪುಸ್ತಕ ತುಂಬ ಗೀಚಿಕೊಂಡು ಹೋಗಿದ್ದರು. ನೀವು ಕಣ್ಣಾರೆ ಕಂಡವರು, ಬಂದು ಒಂದು ಮಾತು ಹೇಳಿ ಎಂದು ಬೇಡಿಕೊಂಡಳು. ಅವರು ಗಡ್ಡ ಕೆರೆದುಕೊಂಡರು.

“ನಾನು ಹೇಳಿದರೆ ಎಂತ ಆಗ್ತದೆ? ಚಿತ್ರಕಾರನ ಕಲ್ಪನೆ ಅಂತ ಅವರ ವಕೀಲ ನಗ್ತಾನೆ. ಧನಿಯೇ ಹೇಳ್ಬೇಕು.”

ಧನಿ ಹೇಳಿಯಾನೇ? ಜಾರಿಕೊಳ್ಳುವವರ ಮಾತು ಎಂದು ಎದ್ದು ಬಂದಳು. ತಿಂಗಳೊಳಗೆ ಸುದ್ದಿ ಬಂತು. ಜಯಪಾಲನ ಹೊಸ ಆಫೀಸಿನ ಗೋಡೆಗೆ ಹರಿನಾರಾಯಣರದೇ ಚಿತ್ರ. ಎಲ್ಲರಿಗೂ ಕೈಗವಸು, ಬೂಟು ಇರಲೇಬೇಕೆಂದು ಧನಿಯ ಅಪ್ಪಣೆ. ಅವರು ತಲೆಯಾಡಿಸಿದ್ದಾರೆ. ಮೇಲಿಂದ ಅವಳಿಗೊಂದು ಆಮಂತ್ರಣ ಬೇರೆ, ಅವರದೇ ಕೈಬರಹದಲ್ಲಿ. ಯಂತ್ರ ಬೆರಳು ತಿಂದಾಗಲೂ ಅವಳಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ಅವಳು ಇಲ್ಲಿಗೆ ಬಂದದ್ದೇ ಆ ಮನುಷ್ಯನ ಮುಖಕ್ಕೆ ಉಗಿಯಲಿಕ್ಕೆ.

ಸುರಕ್ಷತಾ ಸಪ್ತಾಹದ ಸಮಾರಂಭ. ನಾತ ಮುಚ್ಚಲೆಂದು ಹೊಸ ಆಫೀಸಿನ ತುಂಬ ಮಲ್ಲಿಗೆ ಸೆಂಟು ಸಿಂಪಡಿಸಿದ್ದರು. ಕೊಳೆತ ಮೀನೂ ಮಲ್ಲಿಗೆಯೂ ಕೂಡಿ ನಾತ ಇನ್ನಷ್ಟು ಹೆಚ್ಚಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇದಕ್ಕೇ ಇರಬೇಕು. ಕೆಲಸದವರು ಬೆಳಿಗ್ಗೆ ಹಂಚಿದ ಹೊಸ ಕೈಗವಸು ತೊಟ್ಟು ಗೋಡೆಗೊರಗಿ ನಿಂತಿದ್ದರು. ಅವರು ಚಿತ್ರ ನೋಡಿದರು, ಶಾಲೆಟ್‌ಳನ್ನು ನೋಡಿದರು, ತಲೆ ತಗ್ಗಿಸಿದರು. ಇವರಿಗಾದರೂ ನಾಚಿಕೆ ಇದೆಯಲ್ಲ ಎಂದುಕೊಂಡಳು. ವೇದಿಕೆಯಲ್ಲಿ ಲೇಬರ್ ಆಫೀಸರ್ ಶಂಕರಿ ಕೂತಿದ್ದರು. ಮಂಗಳವಾರ ನ್ಯಾಯ ಹೇಳಬೇಕಾದವರ ಕೈಯಲ್ಲಿ ಜಯಪಾಲನ ಶರಬತ್ತು.

ಅವಳಿಗೆ ತಡೆಯಲಾಗಲಿಲ್ಲ. ಜನರನ್ನು ಸರಿಸಿಕೊಂಡು, ಚಿತ್ರದ ಪಕ್ಕ ನಿಂತಿದ್ದ ಹರಿನಾರಾಯಣರ ಮುಂದೆ ಬಂದಳು.

“ಇದು ಸುಳ್ಳು. ಇಂಥ ಕೈ ಇಲ್ಲಿ ಯಾರಿಗೂ ಇಲ್ಲ. ನಿಮ್ಮ ಕಣ್ಣನ್ನೂ ಮಾರಿಬಿಟ್ರಾ?”

ಅವಳು ಯಾರೆಂದು ತಿಳಿಯದ ಜಯಪಾಲ ನಕ್ಕುಬಿಟ್ಟ. ಶಂಕರಿ ಮಾತ್ರ ಲೋಟ ಕೆಳಗಿಟ್ಟರು. ಇದು ಕಂಡು ಬರೆದದ್ದೋ ಅಥವಾ ಬರಿಯ ಕಲ್ಪನೆಯೋ ಎಂದು ಚಿತ್ರಕಾರರನ್ನು ಕೇಳಿದರು.

“ಅದನ್ನು ಧನಿಗಳ ಬಾಯಲ್ಲೇ ಕೇಳಿದರೆ ಚಂದ, ಮೇಡಂ.”

ಜಯಪಾಲ ಮೈಕು ಹಿಡಿದ. ಚಿತ್ರ ಕಲ್ಪನೆ ಎಂದರೆ ಕೈಗವಸೂ ಕಲ್ಪನೆಯಾಗುತ್ತದೆ. ಅಷ್ಟು ತಿಳಿಯದ ದಡ್ಡನಲ್ಲ ಅವನು. ಕಳೆದ ವರ್ಷ ಫೆಬ್ರವರಿಯಲ್ಲಿ ಚಿತ್ರಕಾರರು ಹತ್ತು ದಿನ ಇಲ್ಲೇ ಕೂತು ಕಂಡದ್ದನ್ನು ಕಂಡ ಹಾಗೆ ಬರೆದರೆಂದು ಎದೆಯುಬ್ಬಿಸಿ ಹೇಳಿದ. ಸಾಲದ್ದಕ್ಕೆ ಚಿತ್ರದತ್ತ ಕೈ ತೋರಿಸಿದ.

“ಏಳು ಮಂದಿಯೂ ನಮ್ಮವರೇ. ಒಬ್ಬನೂ ಹೊರಗಿನವ ಅಲ್ಲ.”

ಹಾಗಾದರೆ ಅಷ್ಟನ್ನೇ ಬರೆದುಕೊಡಿ ಎಂದರು ಶಂಕರಿ, ತನಿಖಾ ಪುಸ್ತಕ ಮುಂದಿಟ್ಟು. ಹಿಂದಿನ ಸಾಲಿನಲ್ಲಿದ್ದ, ಕೆಲಸದವರ ಉಸ್ತುವಾರಿಯ ಮೇಸ್ತ್ರಿಯ ಮುಖ ಯಾಕೋ ಬಿಳಿಚಿಕೊಂಡಿತು. ಧನಿ, ಧನಿ ಎನ್ನುತ್ತ ಅವನು ಕುರ್ಚಿಗಳ ನಡುವೆ ನುಗ್ಗಿದ. ಕೆಲಸದವರಲ್ಲಿ ಒಬ್ಬರೂ ಅವನಿಗೆ ದಾರಿ ಬಿಡಲಿಲ್ಲ. ಚಿತ್ರದಲ್ಲಿರುವ ಏಳು ಮಂದಿಯೂ ಕಳೆದ ವರ್ಷ ತನ್ನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ಎಲ್ಲರಿಗೂ ಕೈಗವಸು ಕೊಟ್ಟಿದ್ದೆ ಎಂದು ಜಯಪಾಲ ದಪ್ಪ ಅಕ್ಷರದಲ್ಲಿ ಬರೆದು, ರುಜು ಹಾಕಿ, ಮೊಹರು ಒತ್ತಿದ.

ಚಪ್ಪಾಳೆ ಬಿತ್ತು. ಶಾಲೆಟ್ ಬಾಯಿ ತುಂಬ ಉಗುಳು ತುಂಬಿಕೊಂಡು ಹರಿನಾರಾಯಣರ ಎದುರು ನಿಂತಳು.

“ಕೈ ನೋಡಿದ್ದು ಸಾಕು, ಶಾಲೆಟ್,” ಎಂದರು ಅವರು ಮೆಲ್ಲಗೆ. “ಇನ್ನು ಮುಖ ನೋಡಿ.”

ಎಡದಿಂದ ಮೂರನೆಯವನು ಅಲ್ರಾಯ್.