ತಗೊಂಡೆ ಅಂದವರು

“ಈ ಲಿಂಕ್ ನೀವೇ ಒತ್ತಬೇಕು ಅತ್ತಿಗೆ. ನಾನು ಮುಟ್ಟೋ ಹಾಗಿಲ್ಲ.”

“ಕೈ ನೋಡೇ ನನ್ನದು.” ಅತ್ತಿಗೆ ತಲೆತುಂಬ ಕಪ್ಪು ಬಣ್ಣ ಮೆತ್ತಿಕೊಂಡು, ಹೆಗಲಿಗೆ ಹಳೇ ಟವೆಲು ಹೊದ್ದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ವಾರಕ್ಕೊಂದೇ ರಜೆ, ತಲೆಗೆ ಬಣ್ಣ ಹಚ್ಚಿಕೊಳ್ಳುವುದಕ್ಕೂ ಅದೇ ದಿನ. “ಒಂದು ಕತ್ತರಿ ಕೊಳ್ಳೋದಕ್ಕೆ ಇಷ್ಟೊಂದು ಶಾಸ್ತ್ರವೇನೇ?”

“ನನ್ನ ಲಿಂಕಿನಿಂದ ನಾನೇ ಕೊಂಡರೆ ಮೋಸ ಅಂತಾರೆ, ಖಾತೇನೇ ಮುಚ್ಚಿಬಿಡ್ತಾರೆ. ಕೈ ಒರೆಸಿಕೊಳ್ಳಿ.”

ಬಾಡಿಗೆ ಕಟ್ಟಲಾಗದೆ ತನ್ನ ಟೈಲರಿಂಗ್ ಅಂಗಡಿಯ ಶಟರ್ ಎಳೆದ ಮೇಲೆ ನಾದಿನಿ ಹೊಲಿಗೆ ಕಲಿಸುವ ವಿಡಿಯೊಗಳನ್ನೇ ನೆಚ್ಚಿಕೊಂಡಿದ್ದಳು. ಯಾವ ಕತ್ತರಿ ನಯವಾದ ಬಟ್ಟೆಯನ್ನು ಎಳೆಯದೆ ಕತ್ತರಿಸುತ್ತದೆ, ಯಾವ ಮಿಷನ್ನು ದಪ್ಪ ಬಟ್ಟೆಗೂ ತಡೆದುಕೊಳ್ಳುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕೆಳಗೊಂದು ಲಿಂಕ್ ಹಾಕುತ್ತಿದ್ದಳು. ಅದನ್ನು ಒತ್ತಿ ಹೋಗಿ ಯಾರಾದರೂ ಕೊಂಡರೆ ಆನ್‌ಲೈನ್ ಅಂಗಡಿಯಿಂದ ಅವಳಿಗೆ ಕಮಿಷನ್. ಲೆಕ್ಕ ಇಡುವುದು, ಹಣ ತಲುಪಿಸುವುದು ನೆಟ್‌ವರ್ಕ್ ಎಂಬ ನಡುವಿನ ಕಂಪನಿಯ ಕೆಲಸ. ಅವರು ತೋರಿಸಿದ್ದೇ ಮಾರಾಟ.

ತೋರಿಸುವುದು ಮಾತ್ರ ಬರಬರುತ್ತ ಕಡಿಮೆಯಾಯಿತು. ವಿಚಾರಿಸಿದಾಗಲೆಲ್ಲ ನೆಟ್‌ವರ್ಕಿನವನದು ಒಂದೇ ಬೆಣ್ಣೆಮಾತು: “ನೋಡೋಕೆ ಬರ್ತಾರೆ ಮೇಡಂ, ಕೊಳ್ಳಲ್ಲ. ನಿಮ್ಮ ಮುಖದಾಕ್ಷಿಣ್ಯಕ್ಕೆ ‘ತಗೊಂಡೆ’ ಅಂತಾರೆ ಅಷ್ಟೆ.” ಆ ಮಾತು ಬಟ್ಟೆಯೊಳಗೆ ಮುರಿದು ಉಳಿದ ಸೂಜಿಯ ತುದಿಯಂತೆ ಅವಳನ್ನು ಆಗಾಗ ಚುಚ್ಚುತ್ತಿತ್ತು. ‘ನಿನ್ನ ಲಿಂಕಿನಿಂದಲೇ ಮಿಷನ್ ತಗೊಂಡೆ ಕಣೇ’ ಎಂದು ಅತ್ತಿಗೆ ಸಂಭ್ರಮದಿಂದ ಫೋನು ಮಾಡಿದ ತಿಂಗಳು ನೆಟ್‌ವರ್ಕಿನ ಲೆಕ್ಕದಲ್ಲಿ ಮಿಷನ್ನಿನ ಮಾರಾಟ ಒಂದೂ ಇರಲಿಲ್ಲ. ಅವಳು ಅತ್ತಿಗೆಯನ್ನು ಕೇಳಲಿಲ್ಲ. ಕೇಳಿದರೆ ತಾನೇ ಸಣ್ಣವಳಾಗುತ್ತೇನೆ ಅನ್ನಿಸಿತು. ಆಮೇಲೆ ಈ ಮನೆಗೆ ಬರುವುದು ಕಡಿಮೆಯಾಯಿತು. ಫೋನಿನಲ್ಲೂ ‘ಹೂಂ’, ‘ಆಗಲಿ’ಗಿಂತ ಹೆಚ್ಚು ಮಾತು ಹೊರಡುತ್ತಿರಲಿಲ್ಲ.

ಇವತ್ತು ಇತ್ಯರ್ಥ ಮಾಡಿಬಿಡಬೇಕೆಂದೇ ಬಂದಿದ್ದಳು. ಇನ್ನೊಂದು ಚಿಕ್ಕ ನೆಟ್‌ವರ್ಕಿತ್ತು. ಕಮಿಷನ್ ಕಮ್ಮಿ, ಆದರೆ ಪ್ರತಿ ಮಾರಾಟವನ್ನೂ ಆರ್ಡರ್ ನಂಬರಿನ ಸಮೇತ ತೋರಿಸುತ್ತೇವೆ, ಅನುಮಾನ ಬಂದರೆ ಅಂಗಡಿಯವರನ್ನೇ ಕೇಳಿ ನೋಡಿ ಎಂದಿದ್ದರು. ಅದೇ ಅಂಗಡಿ, ಅದೇ ಕತ್ತರಿ, ಎರಡು ನೆಟ್‌ವರ್ಕಿನ ಎರಡು ಲಿಂಕ್. ಅತ್ತಿಗೆ ತನ್ನ ಕಣ್ಣೆದುರಿಗೇ ಎರಡರಿಂದಲೂ ಕೊಳ್ಳಬೇಕು.

“ಎರಡೆರಡು ಕತ್ತರಿ ನನಗ್ಯಾಕೆ?” ಅತ್ತಿಗೆ ಕಿರುಬೆರಳಿನಿಂದ ಒತ್ತುತ್ತ ಗೊಣಗಿದಳು. “ಹೋಗಲಿ, ನಿನ್ನಣ್ಣನ ನಾಲಿಗೆಗೆ ಒಂದಿರಲಿ.”

ಚಿಕ್ಕ ನೆಟ್‌ವರ್ಕಿನಲ್ಲಿ ಮಾರಾಟ ಆಗಲೇ ಬಂದು ಕೂತಿತು. ಹಳೆಯದರಲ್ಲಿ ಒತ್ತಿದವರು ಒಬ್ಬರು, ಕೊಂಡವರು ಸೊನ್ನೆ. ಗಂಟೆಯೊಳಗೆ ತೋರಿಸುತ್ತೇವೆ ಎಂದು ಅವರೇ ಬರೆದುಕೊಂಡಿದ್ದರು. ಆತುರ ಬೇಡವೆಂದು ಅವಳು ಆ ಗಂಟೆ ಕಳೆಯುವ ತನಕ ಕಾದಳು. ಅತ್ತಿಗೆ ತಲೆ ತೊಳೆದುಕೊಂಡು ಬಂದಳು. ಸೊನ್ನೆ ಸೊನ್ನೆಯಾಗಿಯೇ ಇತ್ತು. ನಾದಿನಿ ಹಳೆಯ ನೆಟ್‌ವರ್ಕಿನವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

“ಒಬ್ಬರು ಕತ್ತರಿ ತಗೊಂಡ್ರು. ನಿಮ್ಮಲ್ಲಿ ಬಂದಿಲ್ಲ.”

“ತಗೊಂಡೆ ಅಂದ್ರಾ?” ಅವನು ನಕ್ಕ. “ಮೇಡಂ, ಎಷ್ಟು ಸಲ ಹೇಳಲಿ ನಿಮಗೆ? ಸುಳ್ಳು ಹೇಳೋದು ಜಾಸ್ತಿ ಮನೆಯವರೇ.”

ಕೂದಲು ಹಿಂಡುತ್ತಿದ್ದ ಅತ್ತಿಗೆ ಫೋನಿನತ್ತ ಬಗ್ಗಿದಳು. “ಆ ಸುಳ್ಳಿ ನಾನೇ ಕಣಪ್ಪ. ಆರ್ಡರ್ ನಂಬರ್ ಹೇಳ್ತೀನಿ, ಬರ್ಕೋ.”

ಆ ಕಡೆ ಕೀಬೋರ್ಡ್ ಕುಟ್ಟಿದ ಸದ್ದಾಯಿತು. “ಸಿಸ್ಟಮ್ ಪ್ರಾಬ್ಲಮ್ ಇರಬೇಕು ಮೇಡಂ. ಇದೊಂದನ್ನ ಸೇರಿಸಿಬಿಡ್ತೀನಿ.”

“ನಾನು ಕಣ್ಣಾರೆ ನೋಡಿದ್ದನ್ನ ಸೇರಿಸ್ತೀರಿ. ನೋಡದೆ ಇದ್ದದ್ದು?”

“ಬೇಕಾದ್ರೆ ಕಮಿಷನ್ ಎರಡು ಪರ್ಸೆಂಟ್ ಜಾಸ್ತಿ ಮಾಡಿಸಿಕೊಡ್ತೀನಿ.”

“ಲೆಕ್ಕಕ್ಕೇ ಬರದ ಮಾರಾಟಕ್ಕೆ ಎಷ್ಟು ಪರ್ಸೆಂಟ್ ಆದರೇನು? ಇವತ್ತಿನಿಂದ ನನ್ನ ಒಂದು ವಿಡಿಯೊದಲ್ಲೂ ನಿಮ್ಮ ಲಿಂಕ್ ಇರಲ್ಲ. ಈ ಆರ್ಡರ್ ನಂಬರ್ ಅಂಗಡಿಯವರಿಗೂ ಹೋಗುತ್ತೆ.” ಅವಳ ದನಿ ಏರಲಿಲ್ಲ. ಫೋನು ಕೆಳಗಿಟ್ಟಳು. ತಲೆಯೆತ್ತಿ ಅತ್ತಿಗೆಯ ಮುಖ ನೋಡುವುದು ಮಾತ್ರ ಕಷ್ಟವಾಯಿತು.

“ಹಾಗಾದ್ರೆ ನಾನು ಮಿಷನ್ ತಗೊಂಡಿದ್ದೂ ನಿನಗೆ ಬಂದಿಲ್ಲ?”

“ಇಲ್ಲ.”

“ಅದಕ್ಕೇನಾ ಮುಖ ಊದಿಸಿಕೊಂಡಿದ್ದು? ನಿನ್ನಣ್ಣ ನಿನಗೇನೋ ಅಂದಿರಬೇಕು ಅಂತ ನಾನು ಅವರ ಮೇಲೆ ಹರಿಹಾಯ್ದೆನಲ್ಲೇ.”

“ತಪ್ಪಾಯ್ತು ಅತ್ತಿಗೆ.”

ಅತ್ತಿಗೆ ಟವೆಲಿನಿಂದ ಕೂದಲನ್ನು ಬಡಿದು ಬಡಿದು ಒರೆಸಿಕೊಂಡಳು. ಹೇಳಬೇಕೆಂದಿದ್ದದ್ದೆಲ್ಲ ಆ ಬಡಿತದಲ್ಲೇ ಮುಗಿಯಿತೇನೋ. ಕೊನೆಗೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. “ಮೊದಲು ಆ ದರಿದ್ರದ ಲಿಂಕುಗಳನ್ನ ಕಿತ್ತುಹಾಕು. ನಾನೂ ಕೂತ್ಕೋತೀನಿ, ಹೇಗೆ ಅಂತ ತೋರಿಸು.”

“ತೆಗೆದೇ ತೆಗೀತೀನಿ. ಒಂದು ನಿಮಿಷ.” ಅವಳು ಮತ್ತೆ ಫೋನು ಕೈಗೆತ್ತಿಕೊಂಡು ಹೆಸರೊಂದನ್ನು ಹುಡುಕಿ ಒತ್ತಿದಳು.

“ಈಗ ಯಾರಿಗೆ?”

“ದೊಡ್ಡಮ್ಮನ ಮಗಳಿಗೆ. ಅವಳೂ ತಗೊಂಡೆ ಅಂದಿದ್ಳು, ನಾನು ನಂಬಿರಲಿಲ್ಲ.”

ಅತ್ತಿಗೆಯ ಕೈಯಲ್ಲಿದ್ದ ಟವೆಲು ಹಾಗೇ ನಿಂತಿತು. “ಇನ್ನೂ ಎಷ್ಟು ಜನ ಇದ್ದಾರೇ?”

ಅವಳು ಫೋನನ್ನು ಕಿವಿಗೊತ್ತಿಕೊಂಡಳು. ಆ ಕಡೆ ಫೋನು ರಿಂಗಾಗುತ್ತಿತ್ತು.