ದುಭಾಷಿ ಬೇಕು

"ರೋಮಿನವರ ಎಂಜಲು ತಿನ್ನೋ ನಾಯಿ!" ಎಂದು ಕೈದಿ ಉಗಿದ. ಉಗುಳು ಬಿದ್ದದ್ದು ದುಭಾಷಿ ಸ್ಕೋರಿಲನ ಮೇಲಂಗಿಯ ಅಂಚಿನ ಮೇಲೆ.

"ಏನಂತೆ?" ಎಂದು ಕೇಳಿದ ವಿಚಾರಣಾಧಿಕಾರಿ ವಿಬಿಯಸ್.

"ನೀರು ಬೇಕಂತೆ, ಸ್ವಾಮಿ."

ನೀರು ಬಂತು. ಕೈದಿ ಗಟಗಟನೆ ಕುಡಿದ. ಇನ್ನೂ ಇಪ್ಪತ್ತು ತುಂಬದ ಹುಡುಗ. ಹುಬ್ಬಿನ ಮೇಲಿನ ಗಾಯದಿಂದ ಇಳಿದ ರಕ್ತ ಕೆನ್ನೆಯ ಮೇಲೇ ಒಣಗಿತ್ತು.

ರೋಮಿನವರ ಅಪುಲಮ್ ಕೋಟೆಯ ಕಣಜ ಸುಟ್ಟು ಬೂದಿಯಾಗಿತ್ತು. ಕಾವಲಿನವನೊಬ್ಬ ಒಳಗೇ ಬೆಂದುಹೋಗಿದ್ದ. ಬೆಂಕಿ ಹಚ್ಚಿದವರು ಗುಡ್ಡ ಹತ್ತಿ ತಪ್ಪಿಸಿಕೊಂಡಿದ್ದರು; ಕೈಗೆ ಸಿಕ್ಕಿದವನು ಇವನೊಬ್ಬ. ಬೆಳಿಗ್ಗೆಯಿಂದ ದಳಪತಿ ರೋಮನರ ಭಾಷೆಯಲ್ಲಿ ಗದರಿದ್ದ, ಬೈದಿದ್ದ, ಹೊಡೆದಿದ್ದ. ಹುಡುಗನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿರಲಿಲ್ಲ. ತನ್ನ ಕಿವಿ ತೋರಿಸಿ, ಬಾಯಿ ತೋರಿಸಿ, ಒಂದೇ ಒಂದು ಹೆಸರು ಹೇಳುತ್ತಿದ್ದ: ಸ್ಕೋರಿಲ.

ಅದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಕೋಟೆಯ ದುಭಾಷಿಯ ಹೆಸರು ಗೊತ್ತಿಲ್ಲದವರು ಗುಡ್ಡದಲ್ಲಿರಲಿಲ್ಲ. ಅಲ್ಲಿ ತಾಯಂದಿರು ಮಕ್ಕಳನ್ನು ಬಯ್ಯುವುದಕ್ಕೆ ಬಳಸುತ್ತಿದ್ದ ಹೆಸರು ಅದು. ಯುದ್ಧಕ್ಕೆ ಮುಂಚೆ ಸ್ಕೋರಿಲ ಡ್ಯಾನ್ಯೂಬ್ ನದಿ ದಾಟಿ ಉಪ್ಪು ಮಾರುತ್ತಿದ್ದವನು. ರೋಮನರ ಭಾಷೆ ಅಲ್ಲಿ ನಾಲಿಗೆಗೆ ಅಂಟಿಕೊಂಡಿತ್ತು. ರಾಜ ಸತ್ತು, ಗುಡ್ಡದವರ ನಾಡಾದ ಡೇಸಿಯ ರೋಮಿನ ಪ್ರಾಂತ್ಯವಾದ ವರ್ಷವೇ ಅವನು ಗೆದ್ದವರ ಕೋಟೆ ಸೇರಿದ. ಗುಡ್ಡದವರ ಪಾಲಿಗೆ ಅಂದೇ ಸತ್ತ.

"ಹೆಸರೇನು ಕೇಳು," ಎಂದ ವಿಬಿಯಸ್.

"ಮುಕಟ್ರ," ಎಂದ ಹುಡುಗ.

ಸ್ಕೋರಿಲ ಅದನ್ನು ಕೂಡಲೇ ದಾಟಿಸಲಿಲ್ಲ. "ಇನ್ನೊಂದ್ಸಲ ಹೇಳು."

"ಮುಕಟ್ರ. ನಾಲಿಗೆ ಜೊತೆ ಕಿವೀನೂ ಅವ್ರಿಗೇ ಮಾರ್ಬಿಟ್ಯಾ?"

"ಮುಕಟ್ರ ಅಂತೆ, ಸ್ವಾಮಿ."

"ಅಪ್ಪ?"

"ಯುದ್ಧ ಮುಗಿದ ವರ್ಷ ಸತ್ತ."

ಆ ಮಾತನ್ನು ಸ್ಕೋರಿಲ ಹಾಗೇ ದಾಟಿಸಿದ.

"ಮನೇಲಿ ಬೇರೆ ಯಾರಿದಾರೆ?"

ಹುಡುಗ ಈ ಪ್ರಶ್ನೆಗೇ ಕಾಯುತ್ತಿದ್ದವನ ಹಾಗೆ ನೆಟ್ಟಗೆ ನಿಂತ. ಅವನ ದನಿ ಮೊದಲ ಬಾರಿಗೆ ತಗ್ಗಿತು.

"ಯಾರೂ ಇಲ್ಲ. ಅವ್ವ ಇದ್ಲು. ಹಿಮ ಕರಗೋಕ್ ಮುಂಚೆ ಹೋದ್ಲು. ಜ್ವರ. ಎದ್ದು ಕೂರಕ್ಕೂ ಆಗ್ತಿರ್ಲಿಲ್ಲ, ಆದ್ರೂ ಹಾಸಿಗೆ ಬಾಗ್ಲ ಕಡೆ ತಿರುಗ್ಸು ಅಂದ್ಲು. ನಾಯಿ ಬೊಗಳಿದ್ರೆ ಸಾಕು, ಯಾರ್ ಬಂದ್ರು ನೋಡು ಅಂತಿದ್ಲು. ಯಾರೂ ಬರ್ಲಿಲ್ಲ."

ಸ್ಕೋರಿಲ ಬಾಗಿಲ ಕಡೆ ನೋಡಿದ.

"ಅಷ್ಟುದ್ದ ಏನ್ ಹೇಳ್ದ?"

"ತಾಯಿ ತೀರಿಕೊಂಡ್ಳಂತೆ, ಸ್ವಾಮಿ."

"ಅಷ್ಟೇನಾ?"

"ಅಷ್ಟೇ." ಆಮೇಲೆ, ಯಾರೂ ಕೇಳು ಎನ್ನದಿದ್ದರೂ, ಹುಡುಗನ ಕಡೆ ತಿರುಗಿ ಕೇಳಿದ: "ಅವಳನ್ನ ಎಲ್ಲಿ ಸುಟ್ರಿ?"

"ಮನೆ ಹಿಂದೆ. ಜೇನುಗೂಡು ಇಟ್ಟಿರೋ ಕಡೆ."

ಪಕ್ಕದಲ್ಲಿ ನಿಂತಿದ್ದ ದಳಪತಿ ಕಣ್ಣು ಕಿರಿದುಮಾಡಿ ಇಬ್ಬರನ್ನೂ ನೋಡಿದ.

ವಿಬಿಯಸ್ ಮೇಜು ಕುಟ್ಟಿದ. "ಜೊತೇಲಿ ಯಾರ್ಯಾರಿದ್ರು? ಹೆಸರು ಹೇಳಿದ್ರೆ ಚಿನ್ನದ ಗಣಿಗೆ ಕಳಿಸ್ತೀನಿ, ಹೇಗೋ ಬದುಕ್ಕೊಳ್ಳಲಿ. ಇಲ್ಲದಿದ್ರೆ ಶಿಲುಬೆ."

"ನಾನೇ ಹಚ್ಚಿದ್ದು," ಎಂದ ಹುಡುಗ. "ಇನ್ನೊಂದು ಕಟ್ಲಿ, ಅದಕ್ಕೂ ಹಚ್ತೀನಿ ಅಂತ ಹೇಳು."

ಸ್ಕೋರಿಲ ವಿಬಿಯಸ್‌ನ ಕಡೆ ತಿರುಗಿದ. "ಚಳಿ ತಡೀಲಾರದೆ ಗೋಡೆ ಮರೇಲಿ ಬೆಂಕಿ ಕಾಯಿಸ್ಕೊಳ್ತಿದ್ನಂತೆ, ಸ್ವಾಮಿ. ಗಾಳಿಗೆ ಕಿಡಿ ಹಾರಿತಂತೆ. ಜೊತೇಲಿ ಯಾರೂ ಇರಲಿಲ್ಲ. ತಪ್ಪಾಯ್ತು ಅಂತಿದಾನೆ."

"ಇದು ತಪ್ಪಾಯ್ತು ಅನ್ನೋ ಮುಖಾನಾ?"

"ಗುಡ್ಡದವರ ಮುಖವೇ ಹಾಗೆ, ಸ್ವಾಮಿ. ಮದುವೇಲೂ ಹೀಗೇ ಇರ್ತಾರೆ."

ಸಿಪಾಯಿಗಳು ನಕ್ಕರು. ವಿಬಿಯಸ್ ಕೂಡ ತುಟಿಯಂಚಿನಲ್ಲಿ ನಕ್ಕ. ಆ ನಗುವಿನ ಮರೆಯಲ್ಲಿ ಸ್ಕೋರಿಲ ಹುಡುಗನತ್ತ ಬಾಗಿದ. "ತಲೆ ಬಗ್ಸೋ. ಒಂದೇ ಒಂದ್ಸಲ. ಜೀವ ಉಳ್ಯತ್ತೆ."

"ನಿನ್ನ ಹಾಗಾ?"

ಸ್ಕೋರಿಲ ಹಿಂದೆ ಸರಿದು ಮೇಜಿನ ಪಕ್ಕ ನಿಂತ.

"ಸರಿ, ಗಣಿಗೆ ಹೋಗಲಿ," ಎಂದ ವಿಬಿಯಸ್. ಸ್ಕೋರಿಲ ಮೇಜಿನ ಅಂಚು ಹಿಡಿದುಕೊಂಡ.

ಆಗ ದಳಪತಿ ಮುಂದೆ ಬಂದ. "ಸ್ವಾಮಿ, ನಮ್ಮ ಮನೆಯವಳು ಇಲ್ಲಿನವಳೇ. ಇವರ ಮಾತು ಪೂರ್ತಿ ಬರಲ್ಲ ನನಗೆ. ಆದ್ರೆ 'ಹಚ್ಚಿದ್ದು' ಅಂದ್ರೆ ಏನು ಅಂತ ಗೊತ್ತು. ಈ ಮುದುಕ ನಿಮ್ಮ ಮುಂದೆ ಸುಳ್ಳು ಹೇಳ್ತಿದಾನೆ."

ನಗು ನಿಂತುಹೋಯಿತು. ವಿಬಿಯಸ್ ಎದ್ದು ನಿಂತ.

"ನಮ್ಮ ರೊಟ್ಟಿ ತಿಂದ್ಕೊಂಡು ಕಣಜ ಸುಟ್ಟವನನ್ನ ಕಾಪಾಡ್ತೀಯಾ? ಹಾಗಾದ್ರೆ ಎರಡು ಶಿಲುಬೆ ನೆಡಿಸ್ತೀನಿ. ಹೇಳು, ಇವನು ನಿನಗೇನಾಗಬೇಕು?"

ಇಬ್ಬರು ಸಿಪಾಯಿಗಳು ಸ್ಕೋರಿಲನ ತೋಳು ಹಿಡಿದರು. ಅವನು ಬಿಡಿಸಿಕೊಳ್ಳಲಿಲ್ಲ. ಬಹಳ ದಿನದಿಂದ ಹೊತ್ತಿದ್ದ ಭಾರವನ್ನು ಇಳಿಸುವವನಂತೆ ಒಮ್ಮೆ ಉಸಿರೆಳೆದುಕೊಂಡ.

"ಏನೂ ಆಗಬೇಕಿಲ್ಲ."

ಹೇಳಿದವನು ಸ್ಕೋರಿಲ ಅಲ್ಲ, ಕೈದಿ. ಹೇಳಿದ್ದು ರೋಮನರ ಭಾಷೆಯಲ್ಲಿ.

ದಳಪತಿಯ ಬಾಯಿ ತೆರೆದೇ ಉಳಿಯಿತು.

"ಕಣಜಕ್ಕೆ ಬೆಂಕಿ ಹಚ್ಚಿದವನು ನಾನು, ಒಬ್ಬನೇ," ಎಂದ ಹುಡುಗ, ಒಂದು ಅಕ್ಷರವೂ ತೊದಲದೆ. "ಈ ಮುದುಕ ಯಾರೋ ನನಗೆ ಗೊತ್ತಿಲ್ಲ. ಚಿಕ್ಕವನು ಅಂತ ಕನಿಕರ ಪಟ್ಟಿದಾನೆ. ಬಿಟ್ಬಿಡಿ ಅವನನ್ನ."

ವಿಬಿಯಸ್ ಕೈಸನ್ನೆ ಮಾಡಿದ. ಸಿಪಾಯಿಗಳು ಸ್ಕೋರಿಲನ ತೋಳು ಬಿಟ್ಟು ಹುಡುಗನ ತೋಳು ಹಿಡಿದರು. ಶಿಕ್ಷೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ.

"ನಿಲ್ಲು," ಎಂದ ವಿಬಿಯಸ್, ಹುಡುಗ ಬಾಗಿಲು ಮುಟ್ಟಿದಾಗ. "ಇಷ್ಟು ಚೆನ್ನಾಗಿ ಮಾತಾಡೋವನು ದುಭಾಷಿ ಬೇಕು ಅಂತ ಬೆಳಿಗ್ಗೆಯಿಂದ ಯಾಕೋ ಒದೆ ತಿಂದೆ?"

ಹುಡುಗ ತಿರುಗಿ ನೋಡಿದ, ವಿಬಿಯಸ್‌ನನ್ನಲ್ಲ, ಸ್ಕೋರಿಲನನ್ನು. ಆಮೇಲೆ ಸಿಪಾಯಿಗಳ ನಡುವೆ ಹೊರಟುಹೋದ.

ಆ ಪ್ರಶ್ನೆಗೆ ಉತ್ತರ ಆ ಕೋಣೆಯಲ್ಲಿ ಸ್ಕೋರಿಲನೊಬ್ಬನಿಗೇ ಗೊತ್ತಿತ್ತು: ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಆ ಭಾಷೆ ಕಲಿಸಿದ್ದ ಮಗ, ಅವ್ವ ಹೋದ ಸುದ್ದಿಯನ್ನು ಅಪ್ಪನಿಗೆ ಹೇಳಿ ಸಾಯೋಣವೆಂದು ಕರೆಸಿಕೊಂಡಿದ್ದ.